ಎರೆ ಹೊಲದ ಬೇರಿಗೆ ಊರಿನ ಪ್ಲಾಸ್ಟಿಕ್

ಊರಿನ ಕಸವನ್ನು ಹರಾಜು ಹಾಕುತ್ತಿದ್ದರು ಎಂದರೆ ಇಂದಿನ ಮಕ್ಕಳು ನಗುತ್ತಾರೆ. ಕಸಕ್ಕೆ ಯಾರು ದುಡ್ಡು ಕೊಡುತ್ತಾರೆ ಎಂದು ಕೇಳುತ್ತಾರೆ. ಹುಬ್ಬಳ್ಳಿ-ಧಾರವಾಡದ ಸುತ್ತಲಿನ ರೈತರು ಕೊಡುತ್ತಿದ್ದರು. ಅವಳಿ ನಗರದ ಮನೆಗಳಿಂದ, ಕಾಯಿಪಲ್ಲೆ ಪೇಟೆಯಿಂದ ಬಂದ ಕಸವನ್ನು ಊರ ಹೊರಗೆ ಗುಂಡಿಗಳಲ್ಲಿ ತುಂಬಿ ಕೊಳೆಯಲು ಬಿಡುತ್ತಿದ್ದರು. ಗುಂಡಿ ಮಾಗಿದ ಮೇಲೆ ಹರಾಜು. ಕೂಗಿ ಹಿಡಿದ ರೈತ ಅದನ್ನು ಹೇರಿಕೊಂಡು ಹೊಲಕ್ಕೆ ಒಯ್ಯುತ್ತಿದ್ದ. ಪೇಟೆಯಲ್ಲಿ ಉಂಡ ಜೋಳ, ಹೆಸರು, ಉಳ್ಳಾಗಡ್ಡಿಯ ಸಿಪ್ಪೆ-ಸೆದೆ ಗೊಬ್ಬರವಾಗಿ ಬಂದ ಹೊಲಕ್ಕೇ ತಿರುಗಿ ಹೋಗುತ್ತಿತ್ತು. ಊರಿಗೂ ಹೊಲಕ್ಕೂ ನಡುವೆ ಒಂದು ಕೊಡು-ಕೊಳ್ಳುವ ನಂಟು ಅದು.

ಆ ನಂಟು ಸಡಿಲವಾದದ್ದು ಹೇಗೆ ಎಂಬುದು ಪುಸ್ತಕಗಳಲ್ಲೂ ದಾಖಲಾಗಿದೆ. 1990ರ ದಶಕದ ಕೊನೆಯಲ್ಲಿ ಬ್ರಿಟನ್ನಿನ ಸಂಶೋಧಕರು ಇಲ್ಲಿಗೆ ಬಂದು, ನಗರದ ಕಸ ಮತ್ತು ಸುತ್ತಲಿನ ಒಕ್ಕಲುತನದ ಬಗ್ಗೆ ಅಧ್ಯಯನ ನಡೆಸಿದರು. ಧಾರವಾಡದ ಕೃಷಿ ವಿಶ್ವವಿದ್ಯಾಲಯದ ವಿಜ್ಞಾನಿಗಳೂ ಇಂಥ ಅಧ್ಯಯನಗಳಲ್ಲಿ ಕೈಜೋಡಿಸಿದ್ದರು. ರೈತರು ಊರ ಕಸದ ಗೊಬ್ಬರದಿಂದ ಹಿಂದೆ ಸರಿಯಲು ದೊಡ್ಡ ಕಾರಣ ಏನೆಂದರೆ, ಕಸದಲ್ಲಿ ಪ್ಲಾಸ್ಟಿಕ್ಕು, ಗಾಜು ಹೆಚ್ಚಾದದ್ದು. ಆರಿಸಿ ತೆಗೆಯುವ ಕೂಲಿಯೇ ಗೊಬ್ಬರದ ಬೆಲೆಗಿಂತ ಭಾರವಾದರೆ ಯಾರು ಒಯ್ದಾರು?

ನಾನು ಧಾರವಾಡದ ಪ್ರೌಢಶಾಲೆಯೊಂದರಲ್ಲಿ ಜೀವಶಾಸ್ತ್ರ ಕಲಿಸಿ ನಿವೃತ್ತನಾದವನು. ಮಂಗಳವಾರದ ಸಂತೆಯಲ್ಲಿ ಕಾಯಿಪಲ್ಲೆ ಮಾರುವ ಹಿರಿಯರೊಬ್ಬರು ನನಗೆ ಬಹಳ ವರ್ಷದ ಪರಿಚಯ. ಕಸದ ಗೊಬ್ಬರದ ಮಾತು ತೆಗೆದರೆ ಅವರು ಹೇಳುತ್ತಾರೆ: "ಸರ್ರ, ಮೊದ್ಲಿಗೆ ಛಲೋ ಗೊಬ್ಬರ ಇತ್ರಿ ಅದು. ಬರಬರತಾ ಚೀಲಾನ ಜಾಸ್ತಿ ಆದ್ವು. ಕುಂಟಿ ಹೊಡ್ಯಾಕ ಹ್ವಾದ್ರ ಕುಡದಾಗ ಪ್ಲಾಸ್ಟಿಕ್ ಸಿಕ್ಕೊಂತಿತ್ತು. ದೊಡ್ಡ ಚೀಲ ಆರ್ಸಿ ಒಗದ್ವಿ. ಸಣ್ಣ ಸಣ್ಣ ಚೂರು ಹೆಂಗ ಆರ್ಸೂದ್ರಿ?"

ಆ ಸಣ್ಣ ಚೂರುಗಳದ್ದೇ ಈ ಲೇಖನ. ಈ ಮಾತನ್ನು ಮನೆಯಲ್ಲಿ ಹೇಳಿದಾಗ ಆರನೇ ಇಯತ್ತೆಯ ನನ್ನ ಮೊಮ್ಮಗಳು ಕೇಳಿದಳು: "ಅಜ್ಜಾ, ಗಿಡಕ್ಕ ಬಾಯಿ ಇಲ್ಲ. ಮತ್ತ ಪ್ಲಾಸ್ಟಿಕ್ ಅದಕ್ಕ ಏನ್ ಮಾಡ್ತದ?" ಪ್ರಶ್ನೆ ಸಣ್ಣದು. ಉತ್ತರಕ್ಕಾಗಿ ನೆಲದ ಒಳಗೇ ಇಳಿಯಬೇಕು.

ತೊಗರಿ ಕಾಳಿನಿಂದ ಕಣ್ಣಿಗೆ ಕಾಣದವರೆಗೆ

ರಸಗೊಬ್ಬರದ ಹಳೆಯ ಚೀಲವನ್ನು ಒಂದೆರಡು ಬೇಸಿಗೆ ಬಿಸಿಲಿಗೆ ಬಿಟ್ಟು ನೋಡಿ. ಎತ್ತಲು ಹೋದರೆ ಕೈಯಲ್ಲೇ ಪುಡಿಪುಡಿಯಾಗಿ ಉದುರುತ್ತದೆ. ಪ್ಲಾಸ್ಟಿಕ್ ಎಂದರೆ ಅಣುಗಳ ಉದ್ದುದ್ದ ಸರಪಳಿ. ಬಿಸಿಲಿನಲ್ಲಿರುವ ನೇರಳಾತೀತ ಕಿರಣ ಆ ಸರಪಳಿಯ ಕೊಂಡಿಗಳನ್ನು ಕಡಿಯುತ್ತದೆ. ಚೀಲ ಕಣ್ಣಿಗೆ ಮಾಯವಾಗುತ್ತದೆ. ಪ್ಲಾಸ್ಟಿಕ್ ಮಾತ್ರ ಅಲ್ಲೇ ಇರುತ್ತದೆ, ಚೂರಾಗಿ.

5 ಮಿಲಿಮೀಟರಿಗಿಂತ ಚಿಕ್ಕ ಚೂರುಗಳನ್ನು ವಿಜ್ಞಾನಿಗಳು ಮೈಕ್ರೋಪ್ಲಾಸ್ಟಿಕ್ ಎನ್ನುತ್ತಾರೆ. ಅಂದರೆ ಹೆಚ್ಚುಕಡಿಮೆ ಒಂದು ತೊಗರಿ ಕಾಳಿನಿಂದ ಹಿಡಿದು ಕೆಳಗೆ, ರವೆಯಷ್ಟು, ಹಿಟ್ಟಿನಷ್ಟು, ಕೊನೆಗೆ ಕಣ್ಣಿಗೆ ಕಾಣದಷ್ಟು. 2004ರಲ್ಲಿ ಇಂಗ್ಲೆಂಡಿನ ಪ್ಲಿಮತ್ ವಿಶ್ವವಿದ್ಯಾಲಯದ ರಿಚರ್ಡ್ ಥಾಂಪ್ಸನ್ ಮತ್ತು ಸಂಗಡಿಗರು ಸಮುದ್ರ ತೀರದ ಮರಳಿನಲ್ಲಿ ಇಂಥ ಕಣಗಳನ್ನು ತೋರಿಸಿದ ಮೇಲೆ ಈ ಪದ ಮನೆಮಾತಾಯಿತು. ಮೊದಲಿಗೆ ಎಲ್ಲರ ಕಣ್ಣೂ ಸಮುದ್ರದ ಮೇಲಿತ್ತು. ಹೊಲದ ಮಣ್ಣಿನ ಕಡೆ ತಿರುಗಿ ನೋಡಿದ್ದು ಅದಾದ ಹತ್ತು-ಹನ್ನೆರಡು ವರ್ಷಗಳ ಮೇಲೆ.

ಅಳತೆಗಾಗಿ ಮಕ್ಕಳು ಒಂದು ಲೆಕ್ಕ ನೆನಪಿಡಿ. ಒಂದು ಮಿಲಿಮೀಟರನ್ನು ಸಾವಿರ ಭಾಗ ಮಾಡಿದರೆ ಒಂದು ಭಾಗಕ್ಕೆ ಮೈಕ್ರಾನ್ ಎನ್ನುತ್ತಾರೆ. ನಿಮ್ಮ ತಲೆಗೂದಲು ಸುಮಾರು 70 ಮೈಕ್ರಾನ್ ದಪ್ಪ. ಸಸ್ಯದ ಬೇರುಗೂದಲು ಸುಮಾರು 10 ಮೈಕ್ರಾನ್. ಮಣ್ಣಿನಲ್ಲಿ ಸೇರುವ ಪ್ಲಾಸ್ಟಿಕ್ ಕಣಗಳಲ್ಲಿ ಕೆಲವು ಇದಕ್ಕಿಂತಲೂ ಬಹಳ ಚಿಕ್ಕವು.

ಹೊಲಕ್ಕೆ ಬರುವ ದಾರಿಗಳು

ನಮ್ಮ ಭಾಗದ ಹೊಲಗಳಿಗೆ ಪ್ಲಾಸ್ಟಿಕ್ ಬರುವುದು ಒಂದೇ ದಾರಿಯಿಂದಲ್ಲ. ಮೊದಲನೆಯದು ಮೇಲೆ ಹೇಳಿದ ಕಸದ ಗೊಬ್ಬರ. ಪ್ಲಾಸ್ಟಿಕ್ ಬೆರೆತ ಕಸ ಎಷ್ಟು ಕೊಳೆತರೂ ಅದರೊಳಗಿನ ಪ್ಲಾಸ್ಟಿಕ್ ಕೊಳೆಯುವುದಿಲ್ಲ. ಜರಡಿ ಹಿಡಿದರೆ ದೊಡ್ಡದು ಮೇಲೆ ನಿಲ್ಲುತ್ತದೆ, ಸಣ್ಣದು ಗೊಬ್ಬರದ ಜೊತೆ ಕೆಳಗೆ ಬೀಳುತ್ತದೆ.

ಎರಡನೆಯದು ನಾಲಾ ನೀರು. ಅವಳಿ ನಗರದ ಬಚ್ಚಲ ನೀರು ನಾಲಾಗಳಲ್ಲಿ ಹರಿದು ಹೋಗುವ ದಾರಿಯುದ್ದಕ್ಕೂ ರೈತರು ಪಂಪು ಹಚ್ಚಿ ಕಾಯಿಪಲ್ಲೆ, ಹೊಲದ ಬೆಳೆ, ಹಣ್ಣಿನ ಗಿಡ ಬೆಳೆಯುವುದು ಹಳೆಯ ಪದ್ಧತಿ. ಮಳೆ ಕೈಕೊಟ್ಟ ವರ್ಷ ಆ ನೀರೇ ಎಷ್ಟೋ ಮನೆಗಳ ಒಲೆ ಉರಿಸಿದೆ. 2003ರಲ್ಲಿ ಪ್ರಕಟವಾದ ಒಂದು ಅಧ್ಯಯನ ಹುಬ್ಬಳ್ಳಿ-ಧಾರವಾಡದ ಈ ನೀರಾವರಿಯ ಲಾಭ-ಹಾನಿ ಎರಡನ್ನೂ ಜಗತ್ತಿನ ಮುಂದಿಟ್ಟಿತು. ಆಗ ಚರ್ಚೆಯಾದದ್ದು ರೋಗಾಣು, ಕೀಟನಾಶಕ, ಕಸದೊಡನೆ ಬರುವ ಸೂಜಿಗಳ ವಿಚಾರ. ಈಗ ಆ ಪಟ್ಟಿಗೆ ನಮ್ಮ ಬಟ್ಟೆಯನ್ನೂ ಸೇರಿಸಬೇಕು.

ಬಟ್ಟೆ ಏಕೆಂದರೆ, ಪಾಲಿಯೆಸ್ಟರ್, ನೈಲಾನ್, ಅಕ್ರಿಲಿಕ್ ಇವೆಲ್ಲ ಪ್ಲಾಸ್ಟಿಕ್ಕಿನ ನೂಲುಗಳೇ. 2016ರಲ್ಲಿ ಪ್ಲಿಮತ್ ವಿಶ್ವವಿದ್ಯಾಲಯದವರು ಲೆಕ್ಕ ಹಾಕಿದ ಪ್ರಕಾರ, ವಾಷಿಂಗ್ ಮಶೀನಿನಲ್ಲಿ 6 ಕಿಲೋ ಅಕ್ರಿಲಿಕ್ ಬಟ್ಟೆ ಒಮ್ಮೆ ಒಗೆದರೆ 7 ಲಕ್ಷಕ್ಕೂ ಹೆಚ್ಚು ಎಳೆಗಳು ನೀರಿಗೆ ಬಿಡಬಹುದು. ಆ ನೀರು ಬಚ್ಚಲಿಗೆ, ಬಚ್ಚಲಿನಿಂದ ನಾಲಾಕ್ಕೆ, ನಾಲಾದಿಂದ ಮೆಂತೆ, ಪಾಲಕ್, ಪುಂಡಿಪಲ್ಲೆಯ ಮಡಿಗೆ.

ಮೂರನೆಯದು ಒಕ್ಕಲುತನದ ಸಾಮಾನುಗಳೇ. ಮೆಣಸಿನಕಾಯಿ, ಟೊಮೆಟೊ, ಕಲ್ಲಂಗಡಿ ಸಾಲುಗಳ ಮೇಲೆ ಹಾಸುವ ಮಲ್ಚಿಂಗ್ ಹಾಳೆ ಸಾಮಾನ್ಯವಾಗಿ 25-30 ಮೈಕ್ರಾನ್ ದಪ್ಪ, ಕೂದಲಿನ ಅರ್ಧದಷ್ಟೂ ಇಲ್ಲ. ಅದು ತೇವ ಉಳಿಸುತ್ತದೆ, ಕಳೆ ತಡೆಯುತ್ತದೆ, ರೈತನ ನೀರು-ಕೂಲಿ ಎರಡೂ ಉಳಿಯುತ್ತವೆ. ಬೆಳೆ ಮುಗಿದ ಮೇಲೆ ಅದನ್ನು ಪೂರ್ತಿ ಕಿತ್ತು ತೆಗೆಯುವುದೇ ಕಷ್ಟ. ಹರಿದ ಚೂರುಗಳು ಮುಂದಿನ ರಂಟೆಯಲ್ಲಿ ಮಣ್ಣಿಗೆ ಸೇರುತ್ತವೆ. ಹನಿ ನೀರಾವರಿಯ ಹಳೆಯ ಪೈಪು, ಸಸಿ ಬೆಳೆಸುವ ತಟ್ಟೆ, ನೆರಳು ಬಲೆ, ಹಗ್ಗ, ಚೀಲ ಇವೂ ಹಾಗೆಯೇ.

ಬಿರಿಯುವ ನೆಲ, ನುಂಗುವ ನೆಲ

ಧಾರವಾಡದಿಂದ ಹುಬ್ಬಳ್ಳಿಗೆ ಸುಮಾರು 20 ಕಿಲೋಮೀಟರ್. ಅಷ್ಟರಲ್ಲೇ ನೆಲದ ಬಣ್ಣ ಬದಲಾಗುತ್ತದೆ. ಪಡುವಣಕ್ಕೆ ಕಲಘಟಗಿ, ಅಳ್ನಾವರ ಕಡೆ ಕೆಂಪು ಮಸಾರಿ. ಮೂಡಣಕ್ಕೆ ನವಲಗುಂದ, ಕುಂದಗೋಳ ಕಡೆ ಕಪ್ಪು ಎರೆ. ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತು ಮಾಡಲು ಈ ಎರೆಮಣ್ಣು ಎಷ್ಟು ಚೆನ್ನಾಗಿ ಅಂಟುತ್ತದೆ ಎಂಬುದು ಮಕ್ಕಳಿಗೆ ಗೊತ್ತೇ ಇದೆ. ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗಿ ಬಿರಿಯುತ್ತದೆ. ಬೇಸಿಗೆಯಲ್ಲಿ ಎರೆ ಹೊಲದ ಬಿರುಕಿನೊಳಗೆ ಕೈ ಇಳಿಸಿದರೆ ಮೊಣಕೈವರೆಗೆ ಹೋಗುತ್ತದೆ.

ಈ ಬಿರುಕುಗಳ ಕೆಲಸವೊಂದಿದೆ. ಮೇಲಿನ ಪುಡಿಮಣ್ಣು, ಸೆದೆ, ಕಸ ಗಾಳಿಗೆ ಒಳಗೆ ಬೀಳುತ್ತವೆ. ಮಳೆ ಬಂದರೆ ಬಿರುಕು ಮುಚ್ಚಿಕೊಳ್ಳುತ್ತದೆ. ಹೀಗೆ ವರ್ಷವರ್ಷ ಎರೆಭೂಮಿ ತನ್ನನ್ನು ತಾನೇ ಮಗುಚಿಕೊಳ್ಳುತ್ತದೆ. ಅದಕ್ಕೇ ಅದು ಫಲವತ್ತು. ಅದೇ ಗುಣದಿಂದ ಮೇಲೆ ಬಿದ್ದ ಪ್ಲಾಸ್ಟಿಕ್ ಚೂರೂ ಬೇರಿನ ಆಳಕ್ಕೆ ಇಳಿಯುತ್ತದೆ.

ಇಲ್ಲಿ ಇನ್ನೊಂದು ಮಾತಿದೆ. ಜಿಗುಟು ಮಣ್ಣಿಗೆ ಪ್ಲಾಸ್ಟಿಕ್ ಹಾಳೆಯ ಚೂರು ಬೆರೆಸಿ ನೋಡಿದ ಅಧ್ಯಯನವೊಂದು 2019ರಲ್ಲಿ ಪ್ರಕಟವಾಯಿತು. ಚೂರುಗಳ ಬದಿಯಲ್ಲಿ ನೀರು ಹೊರಹೋಗಲು ಸಂದುಗಳಾಗಿ ಮಣ್ಣು ಬೇಗ ಆರಿತು. ದೊಡ್ಡ ಚೂರುಗಳಿದ್ದಲ್ಲಿ ಮಣ್ಣು ಬಿರಿದದ್ದೂ ಕಂಡಿತು. ಹಿಂಗಾರಿಯಲ್ಲಿ ಕಡಲೆ, ಬಿಳಿಜೋಳ ಬೆಳೆಯುವುದು ನೆಲದಲ್ಲಿ ಉಳಿದ ತೇವದ ಮೇಲೆ. ಆ ತೇವವೇ ಅವುಗಳ ಬ್ಯಾಂಕು. ಅದರಿಂದ ಸೋರಿಕೆಯಾದರೆ ನಷ್ಟ ಬೇರಿಗೆ.

ಬೇರು ಎಂಬ ಅದ್ಭುತ

ಪ್ಲಾಸ್ಟಿಕ್ ಬೇರಿಗೆ ಏನು ಮಾಡುತ್ತದೆ ಎಂದು ತಿಳಿಯಲು ಮೊದಲು ಬೇರಿನ ಪರಿಚಯ ಬೇಕು. 1937ರಲ್ಲಿ ಅಮೆರಿಕದ ಹೊವಾರ್ಡ್ ಡಿಟ್ಮರ್ ಎಂಬ ಸಸ್ಯವಿಜ್ಞಾನಿ, ಗೋಧಿಯ ಬಳಗದ ರೈ ಎಂಬ ಬೆಳೆಯ ಒಂದೇ ಒಂದು ಗಿಡವನ್ನು ಪೆಟ್ಟಿಗೆಯಲ್ಲಿ ನಾಲ್ಕು ತಿಂಗಳು ಬೆಳೆಸಿ ಅದರ ಬೇರನ್ನೆಲ್ಲ ಅಳೆದರು. ಒಟ್ಟು ಉದ್ದ ಸುಮಾರು 623 ಕಿಲೋಮೀಟರ್! ಹುಬ್ಬಳ್ಳಿಯಿಂದ ಬೆಂಗಳೂರಿಗೆ ಹೋಗಿ ಅರ್ಧ ದಾರಿ ತಿರುಗಿ ಬಂದಷ್ಟು. ಆ ಬೇರುಗಳ ಮೇಲಿನ ಬೇರುಗೂದಲುಗಳ ಸಂಖ್ಯೆ ಸುಮಾರು 1,400 ಕೋಟಿ.

ಬೇರಿನ ತುದಿಯಲ್ಲಿ ಟೋಪಿಯಂಥ ಒಂದು ಕವಚವಿರುತ್ತದೆ. ಮಣ್ಣನ್ನು ಸೀಳಿ ಹೋಗುವಾಗ ತುದಿಗೆ ಗಾಯವಾಗದಂತೆ ಅದು ಕಾಯುತ್ತದೆ. ಜಾರಿಕೆಗಾಗಿ ಲೋಳೆಯನ್ನೂ ಸುರಿಸುತ್ತದೆ. ತುದಿಯ ಸ್ವಲ್ಪ ಹಿಂದೆ ಬೇರುಗೂದಲುಗಳು. ನೀರು, ಉಪ್ಪಿನಂಶ ಹೀರುವುದು ಬಹುಪಾಲು ಇವೇ. ಹೀರಿದ್ದೆಲ್ಲ ಸೀದಾ ಒಳಗೆ ಹೋಗುವುದಿಲ್ಲ. ಬೇರಿನ ನಡುವಿನ ನೀರ್ಗೊಳವೆಗಳ ಸುತ್ತ ಕೋಶಗಳ ಒಂದು ಸಾಲು ಕೋಟೆಗೋಡೆಯಂತೆ ನಿಂತಿರುತ್ತದೆ. ಆ ಕೋಶಗಳ ನಡುವೆ ಮೇಣದಂಥ ಪಟ್ಟಿಯಿದ್ದು ಸಂದಿನಿಂದ ಯಾರೂ ನುಸುಳದಂತೆ ತಡೆಯುತ್ತದೆ. ಒಳಗೆ ಹೋಗುವುದಿದ್ದರೆ ಕಾವಲುಗಾರ ಕೋಶದ ಮೂಲಕವೇ ಹೋಗಬೇಕು. ಆತ ಬೇಕಾದದ್ದನ್ನು ಬಿಡುತ್ತಾನೆ, ಬೇಡವಾದದ್ದನ್ನು ತಡೆಯುತ್ತಾನೆ.

ಇಷ್ಟು ಬಂದೋಬಸ್ತು ಇರುವಾಗ ಪ್ಲಾಸ್ಟಿಕ್ ಕಣ ಒಳಗೆ ಹೋಗುವುದು ಸಾಧ್ಯವೇ? ಬಹಳ ದಿನ ವಿಜ್ಞಾನಿಗಳೂ ಸಾಧ್ಯವಿಲ್ಲ ಎಂದೇ ಭಾವಿಸಿದ್ದರು.

ಕೋಟೆಗೆ ಬೀಳುವ ಬಿರುಕು

2020ರಲ್ಲಿ ಚೀನಾದ ವಿಜ್ಞಾನಿಗಳು ಗೋಧಿ ಮತ್ತು ಲೆಟ್ಯೂಸ್ ಸೊಪ್ಪಿನ ಗಿಡಗಳ ಮೇಲೆ ನಡೆಸಿದ ಪ್ರಯೋಗವೊಂದು ಪ್ರಕಟವಾಯಿತು. ಹೊಳೆಯುವ ಬಣ್ಣ ಹಚ್ಚಿದ ಪ್ಲಾಸ್ಟಿಕ್ ಕಣಗಳನ್ನು ಬೇರಿಗೆ ಕೊಟ್ಟು ಸೂಕ್ಷ್ಮದರ್ಶಕದಲ್ಲಿ ನೋಡಿದರು. 0.2 ಮೈಕ್ರಾನ್ ಗಾತ್ರದ ಕಣಗಳು ಬೇರಿನ ಒಳಗೆ ಕಂಡವು. ಇಂಥ 50 ಕಣಗಳನ್ನು ಸಾಲಾಗಿ ಜೋಡಿಸಿದರೆ ಒಂದು ಬೇರುಗೂದಲಿನ ದಪ್ಪ. ಸುಮಾರು 2 ಮೈಕ್ರಾನಿನ ಕಣಗಳೂ ಸ್ವಲ್ಪ ಮಟ್ಟಿಗೆ ಒಳಗೆ ಹೋಗಿದ್ದವು.

ಹೇಗೆ ಹೋದವು? ತಾಯಿಬೇರಿನಿಂದ ಮಗ್ಗುಲ ಬೇರು ಹುಟ್ಟುವುದು ಹೊರಗಿನ ತೊಗಟೆಯಿಂದಲ್ಲ, ಒಳಗಿನಿಂದ. ಹೊಸ ಬೇರು ಕೋಟೆಯ ಒಳಗೆ ಹುಟ್ಟಿ, ಗೋಡೆಯನ್ನೂ ತೊಗಟೆಯನ್ನೂ ಸೀಳಿಕೊಂಡು ಹೊರಗೆ ಬರುತ್ತದೆ. ಆಗ ಬುಡದ ಸುತ್ತ ಕೆಲ ಕಾಲ ಒಂದು ಸಣ್ಣ ಬಿರುಕು ಬಾಯಿ ತೆರೆದಿರುತ್ತದೆ. ಪ್ಲಾಸ್ಟಿಕ್ ಕಣ ನುಸುಳಿದ್ದು ಅಲ್ಲಿಂದ. ಒಳಹೊಕ್ಕ ಕಣಗಳನ್ನು ಮೇಲಕ್ಕೆ ಎಳೆದದ್ದು ಗಿಡದ ಉಸಿರಾಟವಲ್ಲ, ಬಾಷ್ಪವಿಸರ್ಜನೆ. ಎಲೆಯಿಂದ ನೀರು ಆವಿಯಾದಷ್ಟೂ ಬೇರಿನಿಂದ ನೀರು ಮೇಲೇರುತ್ತದೆ. ಕಣಗಳೂ ಆ ಪ್ರವಾಹದಲ್ಲಿ ತೇಲಿದವು.

ಅದೇ ವರ್ಷ ಚೀನಾ ಮತ್ತು ಅಮೆರಿಕದ ಸಂಶೋಧಕರು ಸಾಸಿವೆಯ ಬಳಗದ ಒಂದು ಪುಟ್ಟ ಗಿಡದಲ್ಲಿ ಇನ್ನೊಂದು ಸಂಗತಿ ಕಂಡರು. ಪ್ಲಾಸ್ಟಿಕ್ ಕಣದ ಮೈಮೇಲೆ ಯಾವ ವಿದ್ಯುದಂಶವಿದೆ ಎಂಬುದರ ಮೇಲೆ ಬೇರಿನ ನಡವಳಿಕೆ ಬೇರೆಯಾಗುತ್ತದೆ. ಧನ ವಿದ್ಯುದಂಶದ ಕಣ ಬೇರಿನಲ್ಲಿ ಕಡಿಮೆ ಸೇರಿತು, ಆದರೆ ಬೆಳವಣಿಗೆಗೆ ಹೆಚ್ಚು ತೊಂದರೆ ಕೊಟ್ಟಿತು. ಋಣ ವಿದ್ಯುದಂಶದ ಕಣ ಬೇರಿನ ಒಳಗೆ, ನೀರ್ಗೊಳವೆಯಲ್ಲೂ ಕಾಣಿಸಿತು.

ಬಾಣಂತಿಯ ಅಳವಿ ಹೇಳಿದ ಕಥೆ

ಅಜ್ಜಿಯರಿಗೆ ಇಷ್ಟವಾಗುವ ಒಂದು ಪ್ರಯೋಗವೂ ಇದೆ. ನಮ್ಮ ಭಾಗದಲ್ಲಿ ಬಾಣಂತಿಗೆ ಉಂಡಿ ಕಟ್ಟಿಕೊಡುವ ಅಳವಿ ಬೀಜ ಗೊತ್ತಲ್ಲ? ನೀರಿಗೆ ಹಾಕಿದರೆ ಲೋಳೆ ಬಿಟ್ಟು ಉಬ್ಬುತ್ತದೆ. ಬೇಗ ಮೊಳೆಯುವ ಬೀಜವಾದ್ದರಿಂದ ಜಗತ್ತಿನ ಪ್ರಯೋಗಾಲಯಗಳಿಗೂ ಅದು ಅಚ್ಚುಮೆಚ್ಚು. 2019ರಲ್ಲಿ ನೆದರ್‌ಲ್ಯಾಂಡ್ಸ್‌ನ ಲೈಡನ್ ವಿಶ್ವವಿದ್ಯಾಲಯದವರು ಅಳವಿಯನ್ನು ಪ್ಲಾಸ್ಟಿಕ್ ಕಣ ಬೆರೆತ ನೀರಿನಲ್ಲಿ ನೆನೆಸಿ ನೋಡಿದರು. ಬರೀ ನೀರಿನಲ್ಲಿ 8 ಗಂಟೆಗೆ ನೂರಕ್ಕೆ 78 ಬೀಜ ಮೊಳೆತಿದ್ದರೆ, ದೊಡ್ಡ ಕಣಗಳಿದ್ದ ನೀರಿನಲ್ಲಿ ಮೊಳೆತದ್ದು 17. ಕಣಗಳು ಬೀಜದ ಸಿಪ್ಪೆಯ ರಂಧ್ರಗಳಿಗೆ ಅಡ್ಡಗಟ್ಟಿ ನೀರು ಒಳಹೋಗುವುದನ್ನು ತಡೆದಿದ್ದವು. ಆಮೇಲೆ ಬೇರುಗೂದಲುಗಳ ಮೇಲೂ ಕೂತವು.

ಒಂದು ದಿನ ಕಳೆದ ಮೇಲೆ ಹಿಂದುಳಿದ ಬೀಜಗಳೂ ಮೊಳೆತವು. ಅಂದರೆ ಪ್ಲಾಸ್ಟಿಕ್ ಬೀಜವನ್ನು ಕೊಲ್ಲಲಿಲ್ಲ, ತಡಮಾಡಿತು. ಒಂದು ದಿನದ ತಡ ಏನು ಮಹಾ ಎನ್ನಬೇಡಿ. ಹದ ಮಳೆಯಾಗಿ ಹೆಸರು ಬಿತ್ತಿದ ರೈತನನ್ನು ಕೇಳಿ. ನೆಲದ ಹಸಿ ಆರುವುದರೊಳಗೆ ಮೊಳಕೆ ಬೇರು ಇಳಿಸಬೇಕು. ಒಂದು ದಿನದ ಬೆಲೆ ಅವನಿಗೆ ಗೊತ್ತು.

ಎಲ್ಲ ಪ್ರಯೋಗಗಳೂ ಒಂದೇ ಉತ್ತರ ಕೊಟ್ಟಿಲ್ಲ ಎಂಬುದನ್ನೂ ಮಕ್ಕಳು ತಿಳಿಯಬೇಕು. 2019ರಲ್ಲಿ ಬರ್ಲಿನ್ನಿನ ಸಂಶೋಧಕರು ಆರು ಬಗೆಯ ಪ್ಲಾಸ್ಟಿಕ್ ಬೆರೆಸಿದ ಮಣ್ಣಿನಲ್ಲಿ ಉಳ್ಳಾಗಡ್ಡಿ ತಪ್ಪಲು ಬೆಳೆಸಿದರು. ಬೇರು ಕಡಿಮೆಯಾಗಲಿಲ್ಲ, ಬದಲಿಗೆ ಉದ್ದವಾಗಿ ತೆಳ್ಳಗಾಯಿತು. ಮಣ್ಣಿನ ಸಡಿಲ, ನೀರು ಹಿಡಿಯುವ ಗುಣ ಬದಲಾದದ್ದಕ್ಕೆ ಗಿಡ ತನ್ನ ಬೇರನ್ನೇ ಬದಲಿಸಿಕೊಂಡಿತ್ತು. ಇಂಥ ಪ್ರಯೋಗಗಳಲ್ಲಿ ಬಳಸುವ ಪ್ಲಾಸ್ಟಿಕ್ ಸಾಮಾನ್ಯ ಹೊಲದಲ್ಲಿ ಇರುವುದಕ್ಕಿಂತ ಹಲವು ಪಟ್ಟು ಹೆಚ್ಚಿರುವುದೂ ಉಂಟು. ಹಾಗಾಗಿ ನಾಳೆಯೇ ಬೆಳೆ ಒಣಗಿ ಹೋದೀತೆಂದು ಯಾರೂ ಗಾಬರಿಯಾಗಬೇಕಿಲ್ಲ. ಚಿಂತೆಯ ವಿಷಯ ಬೇರೆ. ಮಣ್ಣಿಗೆ ಒಮ್ಮೆ ಬೆರೆತ ಸಣ್ಣ ಪ್ಲಾಸ್ಟಿಕ್ಕನ್ನು ಮತ್ತೆ ತೆಗೆಯುವ ಉಪಾಯ ಯಾವ ರೈತನ ಕೈಯಲ್ಲೂ ಇಲ್ಲ. ಪ್ರತಿ ವರ್ಷ ಸೇರುವುದು ಸೇರುತ್ತಲೇ ಇರುತ್ತದೆ, ಕಳೆಯುವುದು ಮಾತ್ರ ಇಲ್ಲ.

"ಮಣ್ಣಿನಲ್ಲಿ ಕರಗುವ ಪ್ಲಾಸ್ಟಿಕ್ ಬಂದಿದೆಯಲ್ಲ?" ಎಂದು ಕೇಳುವವರಿದ್ದಾರೆ. 2018ರಲ್ಲಿ ನೆದರ್‌ಲ್ಯಾಂಡ್ಸ್‌ನ ವಾಗೆನಿಂಗನ್ ವಿಶ್ವವಿದ್ಯಾಲಯದವರು ನೂರು ಭಾಗ ಮಣ್ಣಿಗೆ ಒಂದು ಭಾಗದಷ್ಟು ಮಲ್ಚಿಂಗ್ ಹಾಳೆಯ ಚೂರು ಬೆರೆಸಿ ಗೋಧಿ ಬೆಳೆಸಿದರು. ಮಾಮೂಲಿ ಪಾಲಿಥೀನಿಗಿಂತ 'ಕರಗುವ' ಹಾಳೆಯ ಚೂರೇ ಗೋಧಿಗೆ ಹೆಚ್ಚು ಬಾಧಿಸಿತು. ಹೆಸರು ಚೆಂದವಿದ್ದ ಮಾತ್ರಕ್ಕೆ ಗುಣವೂ ಚೆಂದವಿರಬೇಕೆಂದಿಲ್ಲ.

ಅದೇ ಪ್ರಯೋಗದಲ್ಲಿ ಒಂದು ಸಮಾಧಾನದ ಮಾತೂ ಇದೆ. ಎರೆಹುಳು ಬಿಟ್ಟಿದ್ದ ಕುಂಡಗಳಲ್ಲಿ ಗೋಧಿಯ ತೊಂದರೆ ಕಡಿಮೆಯಾಯಿತು. ಎರೆಹುಳು ಮಣ್ಣು ಸಡಿಲಿಸಿ, ಗೊಬ್ಬರ ಬೆರೆಸಿ, ಬೇರಿಗೆ ದಾರಿ ಮಾಡಿಕೊಡುತ್ತದೆ. ಆದರೆ ಪಾಪ, ಮೇಲಿನ ಪ್ಲಾಸ್ಟಿಕ್ ಚೂರನ್ನು ತನ್ನ ಬಿಲಕ್ಕೆ ಒಯ್ಯುವುದೂ ಅದೇ. ನಮ್ಮ ಸಹಾಯಕನ ಹೊಟ್ಟೆಗೆ ನಾವೇ ಪ್ಲಾಸ್ಟಿಕ್ ತುಂಬುತ್ತಿದ್ದೇವೆ.

ಮನೆಯಲ್ಲಿ ಮಾಡಿ ನೋಡಿ

ಅಜ್ಜ-ಮೊಮ್ಮಕ್ಕಳು ಕೂಡಿ ಮಾಡಬಹುದಾದ ಮೂರು ಪ್ರಯೋಗ ಹೇಳುತ್ತೇನೆ.

ಒಂದು: ಗಾಜಿನ ಲೋಟದ ಒಳಬದಿಗೆ ಒದ್ದೆ ಅರಿವೆ ಸುತ್ತಿ, ಗಾಜು ಮತ್ತು ಅರಿವೆಯ ನಡುವೆ ರಾತ್ರಿ ನೆನೆಸಿದ ನಾಲ್ಕು ಹೆಸರು ಕಾಳು ಸಿಕ್ಕಿಸಿ. ಅರಿವೆ ಆರದಂತೆ ನೀರು ಹಾಕಿ. ಎರಡು ದಿನಕ್ಕೆ ಬೇರು ಇಳಿಯುತ್ತದೆ. ಅದರ ಮೇಲೆ ಬಿಳಿ ನವಿರು ಕಂಡರೆ ಅವೇ ಬೇರುಗೂದಲು. ವಾರದ ಹೊತ್ತಿಗೆ ಮಗ್ಗುಲ ಬೇರು ತೊಗಟೆ ಸೀಳಿ ಬರುತ್ತದೆ. ಭೂತಗನ್ನಡಿ ಹಿಡಿದು ಅದರ ಬುಡ ನೋಡಿ. ಕೋಟೆಯ ಬಿರುಕು ಎಂದು ನಾನು ಹೇಳಿದ್ದು ಅದೇ ಜಾಗ.

ಎರಡು: ರಸ್ತೆಬದಿಯದೋ ಹಿತ್ತಲಿನದೋ ಒಂದು ಹಿಡಿ ಮಣ್ಣು ಒಣಗಿಸಿ ಪುಡಿಮಾಡಿ. ಒಂದು ಲೀಟರ್ ನೀರಿಗೆ ಸುಮಾರು 350 ಗ್ರಾಂ ಅಡುಗೆ ಉಪ್ಪು ಕರಗಿಸಿ. ಗಾಜಿನ ಬರಣಿಯಲ್ಲಿ ಮಣ್ಣು ಹಾಕಿ ಉಪ್ಪುನೀರು ಸುರಿದು ಕಲಕಿ ಒಂದು ದಿನ ಬಿಡಿ. ಮಣ್ಣು ತಳಕ್ಕೆ ಕೂರುತ್ತದೆ. ಚೀಲದ ಪಾಲಿಥೀನ್, ಗೊಬ್ಬರ ಚೀಲದ ಪಾಲಿಪ್ರೊಪಿಲೀನ್, ಥರ್ಮಾಕೋಲ್ ಚೂರುಗಳು ಉಪ್ಪುನೀರಿಗಿಂತ ಹಗುರ, ಇದ್ದರೆ ತೇಲುತ್ತವೆ. ಹುಲ್ಲುಕಡ್ಡಿಯೂ ತೇಲುವುದರಿಂದ ಭೂತಗನ್ನಡಿಯಲ್ಲಿ ನೋಡಿ ಬೇರ್ಪಡಿಸಿ. ನೀರಿನ ಬಾಟಲಿಯ ಪ್ಲಾಸ್ಟಿಕ್ ಇನ್ನೂ ಭಾರ, ಅದು ಮುಳುಗುತ್ತದೆ. ಕೆಲಸ ಮುಗಿದ ಮೇಲೆ ಉಪ್ಪುನೀರನ್ನು ಗಿಡಕ್ಕೆ ಸುರಿಯಬೇಡಿ, ಬೇರು ಸುಟ್ಟೀತು.

ಮೂರು: ಹಳೆಯ ಹತ್ತಿ ಬಟ್ಟೆಯ ಒಂದು ತುಂಡು, ಪಾಲಿಯೆಸ್ಟರ್ ಬಟ್ಟೆಯ ಒಂದು ತುಂಡು, ಎರಡನ್ನೂ ಅಕ್ಕಪಕ್ಕ ಗೇಣುದ್ದ ಆಳದಲ್ಲಿ ಹೂತು ಗುರುತಿಡಿ. ಮಳೆಗಾಲವಾದರೆ ಎರಡು ತಿಂಗಳು ಬಿಟ್ಟು ಅಗೆಯಿರಿ. ಜೀವಂತ ಮಣ್ಣಾದರೆ ಹತ್ತಿಯನ್ನು ಸೂಕ್ಷ್ಮಜೀವಿಗಳು ತಿಂದು ಜಾಳು ಮಾಡಿರುತ್ತವೆ. ಪಾಲಿಯೆಸ್ಟರನ್ನು ತೊಳೆದು ಮತ್ತೆ ಉಡಬಹುದು! ಪಾಲಿಯೆಸ್ಟರ್ ತುಂಡನ್ನು ಮರೆಯದೆ ಹೊರತೆಗೆಯಿರಿ.

ಈ ಮೂರನೆಯ ಪ್ರಯೋಗಕ್ಕೂ ನಮ್ಮ ಊರಿಗೂ ಒಂದು ಸಂಬಂಧವಿದೆ. ಹುಬ್ಬಳ್ಳಿಯ ಬೆಂಗೇರಿಯಲ್ಲಿ 1957ರಲ್ಲಿ ಹುಟ್ಟಿದ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ ಹತ್ತಿಯ ಖಾದಿಯಲ್ಲಿ ರಾಷ್ಟ್ರಧ್ವಜ ತಯಾರಿಸಿ ದೇಶಕ್ಕೆಲ್ಲ ಕಳಿಸುತ್ತದೆ. 2021ರ ಡಿಸೆಂಬರ್‌ನಲ್ಲಿ ಧ್ವಜ ಸಂಹಿತೆ ತಿದ್ದುಪಡಿಯಾಗಿ ಪಾಲಿಯೆಸ್ಟರ್ ಧ್ವಜಕ್ಕೂ ಅವಕಾಶವಾಯಿತು. ಎರೆಮಣ್ಣಿನಲ್ಲಿ ಬೆಳೆದ ಹತ್ತಿ ಕೊನೆಗೆ ಮಣ್ಣಾಗಬಲ್ಲದು. ಪಾಲಿಯೆಸ್ಟರ್ ಮಣ್ಣಿನಿಂದ ಬಂದದ್ದಲ್ಲ, ಮಣ್ಣಿಗೆ ಹೋಗುವುದೂ ಇಲ್ಲ.

ನಮ್ಮ ಕೈಯಲ್ಲಿರುವುದು

ಕರ್ನಾಟಕ ಸರ್ಕಾರ 2016ರಲ್ಲೇ ಪ್ಲಾಸ್ಟಿಕ್ ಚೀಲ, ತಟ್ಟೆ, ಲೋಟಗಳನ್ನು ನಿಷೇಧಿಸಿತು. ದೇಶಕ್ಕೆಲ್ಲ ಅನ್ವಯಿಸುವಂತೆ ಒಮ್ಮೆ ಬಳಸಿ ಎಸೆಯುವ ಹಲವು ಪ್ಲಾಸ್ಟಿಕ್ ವಸ್ತುಗಳ ನಿಷೇಧ 2022ರ ಜುಲೈ 1ರಿಂದ ಬಂತು. ಕಾನೂನಿನ ಕೆಲಸ ಕಾನೂನು ಮಾಡಲಿ. ಅಡುಗೆಮನೆಯ ಕೆಲಸ ನಮ್ಮದು.

ಹಸಿ ಕಸ, ಒಣ ಕಸ ಬೇರೆ ಮಾಡಿ ಎಂದು ಗಾಡಿಯವರು ದಿನಾ ಹೇಳುತ್ತಾರೆ. ಅದು ಅವರಿಗಾಗಿ ಎಂದುಕೊಂಡಿದ್ದೇವೆ. ನಿಜಕ್ಕೂ ಅದು ಬೇರಿಗಾಗಿ. ಹಸಿ ಕಸದ ಬುಟ್ಟಿಗೆ ಬಿದ್ದ ಒಂದು ಹಾಲಿನ ಪ್ಯಾಕೆಟ್ಟಿನ ಮೂಲೆ, ಒಂದು ಗುಟ್ಕಾ ಚೀಟಿ, ಒಂದು ಶಾಂಪೂ ಪುಡಿಕೆ ಗೊಬ್ಬರದ ಜೊತೆ ಹೊಲಕ್ಕೆ ಹೋಗುತ್ತದೆ. ಹಾಲಿನ ಪ್ಯಾಕೆಟ್ ಕತ್ತರಿಸುವಾಗ ಮೂಲೆ ಪೂರ್ತಿ ಬೇರೆಯಾಗದಂತೆ ಕತ್ತರಿಸಿ. ದೇವರ ಮನೆಯ ಬಾಡಿದ ಹಾರವನ್ನು ಗಿಡದ ಬುಡಕ್ಕೆ ಹಾಕುವ ಮುನ್ನ ನೈಲಾನ್ ದಾರ, ಜರಿ ಬಿಡಿಸಿ ತೆಗೆಯಿರಿ. ನರ್ಸರಿಯಿಂದ ತಂದ ಸಸಿಯ ಕಪ್ಪು ಚೀಲವನ್ನು ಹರಿದು ಅಲ್ಲೇ ಹೂಳಬೇಡಿ, ಪೂರ್ತಿ ಬಿಡಿಸಿ ತೆಗೆಯಿರಿ. ಹಿತ್ತಲಲ್ಲಿ ಎಲೆ-ಕಸದ ಜೊತೆ ಪ್ಲಾಸ್ಟಿಕ್ ಸುಡುವವರಿದ್ದಾರೆ. ಅದರ ಹೊಗೆ ನಮ್ಮ ಪುಪ್ಪುಸಕ್ಕೆ, ಉಳಿದ ಕರಿ ಮಣ್ಣಿಗೆ.

ಹೊಲವಿರುವವರು ಮಲ್ಚಿಂಗ್ ಹಾಳೆಯನ್ನು ಬೆಳೆ ಮುಗಿದ ಕೂಡಲೇ, ಬಿಸಿಲಿಗೆ ಹೊಪ್ಪಳಿಕೆಯಾಗುವ ಮುಂಚೆ ಸುತ್ತಿ ತೆಗೆದರೆ ಬಹುಪಾಲು ಇಡಿಯಾಗಿ ಬರುತ್ತದೆ. ಸಾಧ್ಯವಿದ್ದಲ್ಲಿ ಜೋಳದ ದಂಟು, ಕಬ್ಬಿನ ರವದಿ, ಹೊಟ್ಟು ಹಾಸಿದರೆ ಅದೂ ತೇವ ಹಿಡಿಯುತ್ತದೆ, ಆಮೇಲೆ ತಾನೇ ಗೊಬ್ಬರವಾಗುತ್ತದೆ. ಶೀಗಿ ಹುಣ್ಣಿಮೆಗೋ ಎಳ್ಳಮಾವಾಸ್ಯೆಗೋ ಚರಗ ಚೆಲ್ಲಲು ಹೋಗುವವರು ಕಡುಬು, ಹೋಳಿಗೆ, ಪುಂಡಿಪಲ್ಲೆಯನ್ನು ಡಬ್ಬಿಯಲ್ಲಿ ಒಯ್ಯಿರಿ. ಭೂತಾಯಿಯ ಉಡಿ ತುಂಬಲು ಹೋಗಿ ಉಡಿಯಲ್ಲಿ ಪ್ಲಾಸ್ಟಿಕ್ ಬಿಟ್ಟು ಬರುವುದು ಬೇಡ.

"ಹಂಗಾದ್ರ ಕಾಯಿಪಲ್ಲೆ ತಿನ್ನೂದ ಬ್ಯಾಡೇನು?" ಎಂದು ನನ್ನ ಮನೆಯಾಕೆ ಕೇಳಿದಳು. ತಿನ್ನಬೇಕು, ಧಾರಾಳವಾಗಿ ತಿನ್ನಬೇಕು. ಸೊಪ್ಪನ್ನು ಎರಡು-ಮೂರು ನೀರಿನಲ್ಲಿ ತೊಳೆಯಿರಿ, ಗಜ್ಜರಿ, ಮೂಲಂಗಿಯಂಥ ಗಡ್ಡೆಗಳನ್ನು ತಿಕ್ಕಿ ತೊಳೆದು ಮೇಲಿನ ಸಿಪ್ಪೆ ಹೆರೆಯಿರಿ. ಬೇರಿಗೆ ಅಂಟಿದ ಮಣ್ಣು ಹೋದರೆ ಅದರ ಜೊತೆಗಿದ್ದ ಬಹಳಷ್ಟು ಹೋಗುತ್ತದೆ. ಕಾಯಿಪಲ್ಲೆ ಬಿಟ್ಟರೆ ನಷ್ಟ ನಮ್ಮ ಮೈಗೂ ಹೌದು, ಬೆಳೆದ ರೈತನ ಹೊಟ್ಟೆಗೂ ಹೌದು.

ಮೊಮ್ಮಗಳು ಈಗ ತನ್ನ ಶಾಲೆಯ ಪರಿಸರ ಸಂಘದ ಗೆಳತಿಯರ ಜೊತೆ ಉಪ್ಪುನೀರಿನ ಬರಣಿ ಇಟ್ಟಿದ್ದಾಳೆ. ಒಂದೊಂದು ಓಣಿಯ ಮಣ್ಣಿಗೆ ಒಂದೊಂದು ಬರಣಿ, ಅದರ ಮೇಲೊಂದು ಚೀಟಿ. ಯಾವ ಓಣಿಯ ಬರಣಿಯಲ್ಲಿ ಎಷ್ಟು ಚೂರು ತೇಲಿತೆಂದು ಪಾಟಿಯ ಮೇಲೆ ಬರೆದು ಶಾಲೆಯ ಬಾಗಿಲಲ್ಲಿ ತೂಗುಹಾಕುವವರಿದ್ದಾರಂತೆ. ಓಣಿಯ ಹಿರಿಯರು ಅದನ್ನು ಓದಿಕೊಂಡೇ ಒಳಗೆ ಬರಬೇಕು.